ಆರು ಕಿಲೋ ಉಲ್ಲನ್ನಿನ ಒಂದು ವರ್ಷದ ಲೆಕ್ಕ

ಹೆಣಿಗೆ ಮಾಡುವವರ ಮನೆಯಲ್ಲಿ ಉಲ್ಲನ್ ತಾನಾಗಿಯೇ ಸೇರಿಕೊಳ್ಳುತ್ತದೆ. ಸ್ವೆಟರಿಗೆಂದು ತಂದ ಹತ್ತು ಉಂಡೆಗಳಲ್ಲಿ ಒಂದೂವರೆ ಉಳಿಯುತ್ತದೆ. ನಡುವೆ ಸಾಲದೆ ಹೋದರೆ ಅದೇ ಛಾಯೆಯ ಬಣ್ಣ ಮತ್ತೆ ಸಿಗಲಾರದೆಂಬ ಅಳುಕಿನಿಂದ ಮೊದಲೇ ಒಂದೆರಡು ಉಂಡೆ ಹೆಚ್ಚಾಗಿ ಕೊಂಡಿರುತ್ತೇವೆ. ಹೆಣೆಯುವುದನ್ನು ಬಿಟ್ಟ ಬಂಧುಗಳು ತಮ್ಮಲ್ಲಿದ್ದದ್ದನ್ನು ಚೀಲಸಮೇತ ತಂದುಕೊಡುತ್ತಾರೆ. ಹೀಗೆ ಕೂಡಿಬಂದದ್ದನ್ನೆಲ್ಲ, ಬಿಚ್ಚಬೇಕೆಂದು ಇಟ್ಟಿದ್ದ ಒಂದು ಹಳೆಯ ಸ್ವೆಟರಿನ ಸಮೇತ, ಜನವರಿಯಲ್ಲಿ ಟ್ರಂಕಿನಿಂದ ತೆಗೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದಾಗ 6,200 ಗ್ರಾಂ ಆಯಿತು. ವರ್ಷದ ಕೊನೆಗೆ ಇದು ಮೂರು ಕಿಲೋಗೆ ಇಳಿಯಬೇಕು, ಅನಿವಾರ್ಯವಲ್ಲದ ಹೊಸ ನೂಲನ್ನು ಕೊಳ್ಳಬಾರದು, ಕಡ್ಡಿಯ ಮೇಲೆ ಅರ್ಧಕ್ಕೆ ನಿಂತದ್ದೆಲ್ಲ ಒಂದೋ ಮುಗಿಯಬೇಕು ಇಲ್ಲವೇ ಬಿಚ್ಚಿ ಉಂಡೆಯಾಗಬೇಕು, ಕಾಲುಚೀಲ ಹೆಣೆಯಲು ಕಲಿಯಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಡಿಸೆಂಬರ್ ಕೊನೆಯಲ್ಲಿ ಮತ್ತೆ ತೂಗಿದಾಗ 3,330 ಗ್ರಾಂ ಉಳಿದಿತ್ತು. ಈ ಎರಡು ಅಂಕಿಗಳ ನಡುವೆ ಏನೇನು ನಡೆಯಿತು ಎಂಬುದನ್ನು, ಇದೇ ಬಗೆಯ ಟ್ರಂಕು ಇಟ್ಟುಕೊಂಡಿರುವ ಇತರರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಎಷ್ಟು ಬಟ್ಟೆ ಹೆಣೆದೆ ಎಂದು ಎಣಿಸುವ ಬದಲು ಎಷ್ಟು ಗ್ರಾಂ ಖರ್ಚಾಯಿತು ಎಂದು ನೋಡಿದ್ದಕ್ಕೆ ಕಾರಣವಿದೆ. ದೊಡ್ಡವರ ಒಂದು ಸ್ವೆಟರಿಗೆ ಸಾಮಾನ್ಯವಾಗಿ 400ರಿಂದ 500 ಗ್ರಾಂ ನೂಲು ಬೇಕು. ಎಳೆಮಗುವಿನ ಸ್ವೆಟರಿಗೆ 100ರಿಂದ 150 ಗ್ರಾಂ ಸಾಕು. ಹಸುಗೂಸಿನ ಕುಲಾವಿಗೆ 20 ಗ್ರಾಂ ಆಸುಪಾಸು ಹಿಡಿಯುತ್ತದೆ. ಬರಿಯ ಸಂಖ್ಯೆಯನ್ನು ಗುರಿಯಾಗಿಟ್ಟುಕೊಂಡರೆ ಮನಸ್ಸು ಬೇಗ ಮುಗಿಯುವ ಸಣ್ಣ ಕೆಲಸಗಳ ಕಡೆಗೇ ವಾಲುತ್ತದೆ, ಟ್ರಂಕಿನ ಅರ್ಧ ಜಾಗ ಹಿಡಿದಿರುವ ದೊಡ್ಡ ಗಂಟು ಇದ್ದಲ್ಲೇ ಇರುತ್ತದೆ. ತಕ್ಕಡಿಯ ಮುಂದೆ ಆ ಗಂಟನ್ನು ಮರೆಯಲು ಸಾಧ್ಯವಿಲ್ಲ. ಪ್ರತಿಯೊಂದು ಕೆಲಸ ಮುಗಿದಾಗಲೂ ಎಳೆಯ ತುದಿಗಳನ್ನೆಲ್ಲ ಒಳಸೇರಿಸಿ, ಗುಂಡಿ ಹೊಲಿಯುವ ಮೊದಲು ತೂಗಿ, ದಿನಾಂಕದೊಂದಿಗೆ ಬರೆದಿಡುವುದನ್ನು ವರ್ಷಪೂರ್ತಿ ತಪ್ಪಿಸಲಿಲ್ಲ. ವರ್ಷದ ಪರಾಮರ್ಶೆ ಸುಲಭವಾದದ್ದು ಈ ಒಂದು ಅಭ್ಯಾಸದಿಂದ.

ತೂಗುವ ಮುನ್ನ ವಿಂಗಡಿಸಬೇಕು. ಲೇಬಲ್ ಇರುವ ಉಂಡೆಗಳದ್ದು ತೊಂದರೆಯಿಲ್ಲ. ನಮ್ಮ ಅಂಗಡಿಗಳಿಗೆ ಬರುವುದು ಹೆಚ್ಚಾಗಿ ಲೂಧಿಯಾನದ ವರ್ಧಮಾನ್, ಓಸ್ವಾಲ್ ಮೊದಲಾದ ಕಂಪನಿಗಳ ನೂಲು, ಅದರಲ್ಲಿ ಬಹುಪಾಲು ಅಕ್ರಿಲಿಕ್. ನಾವು ಎಲ್ಲವನ್ನೂ ಉಲ್ಲನ್ ಎಂದೇ ಕರೆಯುತ್ತೇವಾದರೂ ನಿಜವಾದ ಕುರಿಯ ಉಣ್ಣೆ ಯಾವುದು, ಅಕ್ರಿಲಿಕ್ ಯಾವುದು, ಹತ್ತಿ ಯಾವುದು ಎಂದು ತಿಳಿಯದೆ ಮುಂದಿನ ಯೋಜನೆ ಮಾಡಲಾಗುವುದಿಲ್ಲ. ಲೇಬಲ್ ಕಳೆದುಹೋದವನ್ನು ನಾನು ಸುಟ್ಟು ನೋಡಿದೆ. ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿರುವ ಸ್ಟೀಲ್ ತಟ್ಟೆ ಇಟ್ಟು, ಮೇಣದಬತ್ತಿಯ ಜ್ವಾಲೆಗೆ ತಾಗಿಸಬೇಕು. ಉಣ್ಣೆ ನಿಧಾನವಾಗಿ ಸುರುಟಿಕೊಂಡು ಉರಿಯುತ್ತದೆ, ಜ್ವಾಲೆಯಿಂದ ತೆಗೆದರೆ ತಾನೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕಪ್ಪು ಬೂದಿಯನ್ನು ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಹತ್ತಿಯದು ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ಬೆರಕೆ ನೂಲಿನಲ್ಲಿ ಪುಡಿಯೂ ಮಣಿಯೂ ಒಟ್ಟಿಗೇ ಸಿಗುತ್ತವೆ. ಕಿಟಕಿ ತೆರೆದಿಟ್ಟು, ಮಕ್ಕಳನ್ನು ದೂರವಿಟ್ಟು ಮಾಡಬೇಕಾದ ಕೆಲಸವಿದು.

ಈ ವಿಂಗಡಣೆಯಿಂದಲೇ ಸರದಿ ನಿರ್ಧಾರವಾಯಿತು. ನುಸಿಯ ಮರಿಹುಳುಗಳು ತಿನ್ನುವುದು ಉಣ್ಣೆ, ಕೂದಲು, ರೇಷ್ಮೆಯಂಥ ಪ್ರಾಣಿಜನ್ಯ ಎಳೆಗಳನ್ನು. ಅಕ್ರಿಲಿಕ್ ಅವುಗಳ ಆಹಾರವಲ್ಲ. ಬೇವಿನ ಎಲೆಯಾಗಲಿ ಕರ್ಪೂರವಾಗಲಿ ಟ್ರಂಕಿನಲ್ಲಿರುವುದು ಒಳ್ಳೆಯದೇ, ಆದರೆ ಆಗಾಗ ಹೊರತೆಗೆದು ಕೊಡವಿ ಬಿಸಿಲಿಗೆ ಹಾಕದೆ ಅವುಗಳನ್ನೇ ನಂಬಿ ಕೂರುವಂತಿಲ್ಲ. ಆದ್ದರಿಂದ ಇಟ್ಟಷ್ಟೂ ಅಪಾಯವಿರುವ ಉಣ್ಣೆ ಮೊದಲು, ಕಾಯಬಲ್ಲ ಅಕ್ರಿಲಿಕ್ ಆಮೇಲೆ ಎಂದು ಗೊತ್ತುಮಾಡಿಕೊಂಡೆ. ಬಣ್ಣ ಎಷ್ಟೇ ಕರೆದರೂ ಈ ಸರದಿಯನ್ನು ಮುರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಪ್ರಕಾರ ಮೊದಲು ಕೈಗೆತ್ತಿಕೊಂಡದ್ದು ದಪ್ಪ ಉಣ್ಣೆಯ ಹಳೆಯ ಸ್ವೆಟರನ್ನು. ಬಿಚ್ಚುವಾಗ ಮೊದಲು ಪಕ್ಕದ ಹಾಗೂ ಭುಜದ ಹೊಲಿಗೆಗಳನ್ನು ಸಣ್ಣ ಕತ್ತರಿಯಿಂದ ಬಿಡಿಸಿ, ಭಾಗಗಳನ್ನು ಬೇರ್ಪಡಿಸಿ, ಪ್ರತಿ ಭಾಗವನ್ನೂ ಹೆಣಿಗೆ ಮುಚ್ಚಿದ ತುದಿಯಿಂದ ಎಳೆಯುತ್ತ ಬರಬೇಕು. ಬಿಚ್ಚಿದ ಎಳೆಯನ್ನು ನೇರವಾಗಿ ಉಂಡೆ ಕಟ್ಟದೆ ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಬೇರೆ ಬಣ್ಣದ ದಾರದಿಂದ ಸಡಿಲವಾಗಿ ಕಟ್ಟಿ ಲಡಿ ಮಾಡಿಕೊಂಡೆ. ಉಗುರುಬೆಚ್ಚಗಿನ ನೀರಿನಲ್ಲಿ, ಉಜ್ಜದೆ, ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ತೂಗುಹಾಕಿದಾಗ ವರ್ಷಾನುಗಟ್ಟಲೆ ಕೂತಿದ್ದ ಸುಕ್ಕುಗಳೆಲ್ಲ ಬಿಟ್ಟುಕೊಂಡು ಎಳೆ ಹೊಸದರಂತೆ ನೇರವಾಯಿತು. ಉಣ್ಣೆಗೆ ಈ ಗುಣವಿದೆ. ಅಕ್ರಿಲಿಕ್ಕಿನ ಸುಕ್ಕು ಇಷ್ಟು ಸುಲಭವಾಗಿ ಹೋಗುವುದಿಲ್ಲ, ಬಿಸಿ ಹಬೆ ಹೆಚ್ಚಾದರೆ ಅದರ ಪುಟಿತವೇ ಶಾಶ್ವತವಾಗಿ ಸತ್ತು ಜೋಲುಬೀಳುತ್ತದೆ.

ಆ ದಪ್ಪ ಉಣ್ಣೆ ಅಷ್ಟು ಕಾಲ ಏಕೆ ಹಾಗೆಯೇ ಉಳಿದಿತ್ತು ಎಂದು ಯೋಚಿಸಿದಾಗ ಸಮಯದ ಅಭಾವ ಅದಕ್ಕೆ ಕಾರಣವಲ್ಲ ಎಂಬುದು ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಈಗಿನ ಡಿಸೆಂಬರಿನಲ್ಲಿ ಬೆಳಗಿನ ವಾಕಿಂಗಿಗೆ ಒಂದು ತೆಳು ಸ್ವೆಟರ್ ಹಾಕಿಕೊಂಡರೆ ಹತ್ತು ಗಂಟೆಯ ಹೊತ್ತಿಗೆ ತೆಗೆದು ಕೈಯಲ್ಲಿ ಹಿಡಿಯಬೇಕಾಗುತ್ತದೆ. ಇಲ್ಲಿ ದಪ್ಪ ಉಣ್ಣೆಯ ಸ್ವೆಟರ್ ಹೆಣೆದರೆ ಅದು ಟ್ರಂಕಿನಿಂದ ಬೀರುವಿಗೆ ಹೋಗುತ್ತದೆಯೇ ಹೊರತು ಯಾರ ಮೈಮೇಲೂ ಇರುವುದಿಲ್ಲ. ಜರ್ಮನಿಯಲ್ಲಿ ಓದುತ್ತಿರುವ ತಂಗಿಯ ಮಗಳನ್ನು ಕೇಳಿದೆ. “ದೊಡ್ಡಮ್ಮ, ಕುತ್ತಿಗೆ ಮುಚ್ಚುವ ಹಾಗಿರಲಿ, ತೋಳು ಸ್ವಲ್ಪ ಉದ್ದವಿರಲಿ” ಎಂದು ಅಳತೆ ಕಳಿಸಿದಳು. 540 ಗ್ರಾಂ ಒಮ್ಮೆಲೇ ಖರ್ಚಾಯಿತು, ಮತ್ತು ಅದು ಪ್ರತಿದಿನ ಬಳಕೆಯಲ್ಲಿದೆ. ಉಳಿದ ನೂಲಿಗೆ ಮಾದರಿ ಹುಡುಕುವ ಮೊದಲು ತೊಡುವವರನ್ನು ಹುಡುಕಬೇಕು ಎಂಬ ಕ್ರಮವನ್ನು ಅಲ್ಲಿಂದ ಮುಂದೆ ಎಲ್ಲದಕ್ಕೂ ಪಾಲಿಸಿದೆ.

ಕುಲಾವಿಗಳ ಕೆಲಸ ಬಂದದ್ದೂ ಹಾಗೆಯೇ. ದಿನ ತುಂಬದೆ, ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು ಬೆಚ್ಚಗೆ ಕಾಪಾಡುವ ಕಾಂಗರೂ ಆರೈಕೆಯಲ್ಲಿ ಮಗುವಿಗೆ ಇರುವುದು ಕುಲಾವಿ, ಕಾಲುಚೀಲ ಮತ್ತು ಲಂಗೋಟಿ ಮಾತ್ರ. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಮೊದಲು ಹೋಗಿ ವಿಚಾರಿಸಿದಾಗ ಅಲ್ಲಿನ ಸಿಸ್ಟರ್ ಬೇಕಾದದ್ದನ್ನು ನಿಖರವಾಗಿ ಹೇಳಿದರು: “ಗುಂಡಿ, ರಿಬ್ಬನ್, ಮಣಿ ಯಾವುದೂ ಬೇಡಮ್ಮ. ಬಿಸಿನೀರಿನಲ್ಲಿ ಒಗೆದರೂ ಹಾಳಾಗಬಾರದು. ಚಿಕ್ಕ ಅಳತೆಯವೇ ನಮಗೆ ಸಿಗೋದಿಲ್ಲ.” ಆ ಮಾತಿನ ಮೇಲೆ ಉಣ್ಣೆಯನ್ನು ಬಿಟ್ಟು, ಮೃದುವಾದ ಅಕ್ರಿಲಿಕ್ ಮತ್ತು ಹತ್ತಿಯನ್ನು ಮಾತ್ರ ಆರಿಸಿಕೊಂಡೆ. ಎಂಟನೆಯ ನಂಬರಿನ, ಎಂದರೆ 4 ಮಿಲಿಮೀಟರ್ ಕಡ್ಡಿಯಲ್ಲಿ 10 ಸೆಂಟಿಮೀಟರಿಗೆ 22 ಹೊಲಿಗೆ, ಎಂದರೆ ಹೆಣಿಗೆಯ ಕುಣಿಕೆ, ಬರುವ ನೂಲಾದರೆ, 64 ಹೊಲಿಗೆ ಹಾಕಿ ಎರಡು ನಿಟ್ (ನೇರ ಹೆಣಿಗೆ) ಎರಡು ಪರ್ಲ್ (ಉಲ್ಟಾ ಹೆಣಿಗೆ) ಪಟ್ಟಿ ಹೆಣೆದಾಗ ಅದು ಎಳೆದಂತೆ ಹಿಗ್ಗಿ ಬೇರೆ ಬೇರೆ ಗಾತ್ರದ ತಲೆಗಳಿಗೆ ಕೂರುತ್ತದೆ. ಇನ್ನೂ ಚಿಕ್ಕದಕ್ಕೆ 56 ಹೊಲಿಗೆ ಸಾಕು. ಒಳಗೆ ಎಳೆಯ ತುದಿ ಸಡಿಲವಾಗಿ ನೇತಾಡಿದರೆ ಮಗುವಿನ ಬೆರಳಿಗೆ ಸುತ್ತಿಕೊಳ್ಳಬಹುದಾದ್ದರಿಂದ ಪ್ರತಿ ತುದಿಯನ್ನೂ ಎರಡು ದಿಕ್ಕಿಗೆ ಹೊಲಿದು ಮುಗಿಸಿದೆ. ಬಸ್ಸಿನಲ್ಲಿ, ಬ್ಯಾಂಕಿನ ಸರದಿಯಲ್ಲಿ ಕೂತು ಮಾಡಬಹುದಾದ ಕೆಲಸವಿದು. ವರ್ಷದಲ್ಲಿ ಒಟ್ಟು 560 ಗ್ರಾಂ ಹೀಗೆ ಹೋಯಿತು. ಅಕ್ಕಪಕ್ಕದ ಮನೆಗಳ ಮಕ್ಕಳಿಗೆ ಹೆಣೆದ ಎರಡು ಸ್ವೆಟರುಗಳು 390 ಗ್ರಾಂ, ಯಜಮಾನರ ಮಫ್ಲರ್ 150 ಗ್ರಾಂ.

ಮಫ್ಲರಿನಲ್ಲಿ ತಕ್ಕಡಿ ಇನ್ನೊಂದು ರೀತಿಯಲ್ಲಿ ನೆರವಾಯಿತು. ಇದ್ದ ನೂಲನ್ನೆಲ್ಲ ಮುಗಿಸಬೇಕು, ಆದರೆ ಕೊನೆಯ ಸಾಲನ್ನು ಮುಚ್ಚುವಷ್ಟು ಉಳಿಯಲೇಬೇಕು. ಮನೆಯ ತಕ್ಕಡಿ ಒಂದು ಗ್ರಾಂಗಿಂತ ಸೂಕ್ಷ್ಮವಾಗಿ ತೋರಿಸುವುದಿಲ್ಲವಾದ್ದರಿಂದ ಒಂದು ಸಾಲಿಗೆ ಬದಲಾಗಿ ಹತ್ತು ಸಾಲಿನ ಮೊದಲು ಮತ್ತು ನಂತರ ಉಂಡೆಯನ್ನು ತೂಗಿದೆ: ಹತ್ತು ಸಾಲಿಗೆ 14 ಗ್ರಾಂ, ಎಂದರೆ ಸಾಲಿಗೆ 1.4 ಗ್ರಾಂ. ಮುಚ್ಚುವ ಸಾಲಿಗೆ ಹೆಣಿಗೆಯ ಸಾಲಿಗಿಂತ ತುಸು ಹೆಚ್ಚೇ ಬೇಕಾಗುವುದರಿಂದ, ಉಂಡೆ 4 ಗ್ರಾಂಗೆ ಇಳಿದ ಕೂಡಲೇ ಮುಚ್ಚಿದೆ. ಕೈಯಳತೆಯ ದಾರವಷ್ಟೇ ಮಿಕ್ಕಿತು.

ಟ್ರಂಕನ್ನು ನಿಜವಾಗಿ ಖಾಲಿ ಮಾಡಿದ್ದು ಚೂರುಪಾರುಗಳ ಕಂಬಳಿ. ಅದರದ್ದು 1,280 ಗ್ರಾಂ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಯನ್ನು ನೋಡುತ್ತ ಬೆಳೆದವರಿಗೆ ಇದರ ತತ್ತ್ವ ವಿವರಿಸಬೇಕಾಗಿಲ್ಲ: ನಡುವೆ ಒಂದು ಚೌಕ, ಅದರ ಸುತ್ತ ಪಟ್ಟಿ, ಪಟ್ಟಿಯ ಸುತ್ತ ಮತ್ತೊಂದು ಪಟ್ಟಿ. ಎಲ್ಲ ಸಾಲೂ ನಿಟ್. ಈ ಹೆಣಿಗೆ ಎರಡೂ ಬದಿ ಒಂದೇ ರೀತಿ ಕಾಣುತ್ತದೆ, ಅಂಚು ಸುರುಳಿಯಾಗುವುದಿಲ್ಲ, ಹಿಂದಿನ ಪಟ್ಟಿಯ ಅಂಚಿನ ಪ್ರತಿ ಏಣಿನಿಂದ (ಎರಡು ಸಾಲಿಗೊಂದರಂತೆ ಮೂಡುವ ಉಬ್ಬುಗೆರೆ) ಒಂದು ಹೊಲಿಗೆ ಎತ್ತಿಕೊಂಡರೆ ಲೆಕ್ಕ ತಾನಾಗಿ ಸರಿಹೋಗುತ್ತದೆ. ನೂಲಿನ ದಪ್ಪ ಮಾತ್ರ ಒಂದೇ ಆಗಿರಬೇಕು. ತೆಳುವಾದವನ್ನು ಎರಡೆಳೆ ಜೊತೆಯಾಗಿ ಹಿಡಿದು ಹೆಣೆದೆ. ಎಲ್ಲವೂ ಅಕ್ರಿಲಿಕ್ಕೇ ಆಗಿರಬೇಕೆಂಬುದು ಇನ್ನೂ ಮುಖ್ಯ, ಏಕೆಂದರೆ ನಡುವೆ ಒಂದು ಪಟ್ಟಿ ಉಣ್ಣೆಯಿದ್ದರೆ ಒಗೆದಾಗ ಅದೊಂದೇ ಕುಗ್ಗಿ ಇಡೀ ಕಂಬಳಿಯನ್ನು ಎಳೆಯುತ್ತದೆ. ಬಣ್ಣಗಳ ವಿಷಯದಲ್ಲಿ ಒಂದೇ ನಿಯಮವಿಟ್ಟುಕೊಂಡೆ: ಎರಡು ಬಣ್ಣದ ಪಟ್ಟಿಗಳ ನಡುವೆ ಯಾವಾಗಲೂ ಬೂದುಬಣ್ಣದ ಒಂದು ಏಣು. ನನ್ನಲ್ಲಿ ಅತಿ ಹೆಚ್ಚಾಗಿದ್ದದ್ದೂ ಬೂದುಬಣ್ಣವೇ. ಜಗಳವಾಡುವಂಥ ಗಾಢ ಕಿತ್ತಳೆ, ಗಿಳಿಹಸಿರು, ನೇರಳೆಗಳು ಆ ಗೆರೆಯಿಂದಾಗಿ ಒಂದಕ್ಕೊಂದು ಹೊಂದಿಕೊಂಡವು. ತುದಿಗಳನ್ನು ಕೊನೆಗೆಂದು ಬಿಡದೆ ಪ್ರತಿ ಪಟ್ಟಿ ಮುಗಿದಾಗಲೇ ಒಳಸೇರಿಸುತ್ತ ಹೋದದ್ದರಿಂದ ಈ ಕಂಬಳಿ ಪೂರ್ತಿಯಾಯಿತು ಎಂದು ನನಗೆ ಅನಿಸುತ್ತದೆ.

ಅರ್ಧಕ್ಕೆ ನಿಂತಿದ್ದವುಗಳಲ್ಲಿ ಮುಗಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು, ಅದರಿಂದ ಕಂಬಳಿಗೆ ನೂಲು ಸಿಕ್ಕಿತು. ಕಾಲುಚೀಲದ ಹಿಮ್ಮಡಿ ತಿರುಗಿಸುವುದನ್ನು ಮಗುವಿನ ಅಳತೆಯಲ್ಲಿ ಕಲಿತೆ. ಚಪ್ಪಲಿ ತೊಡುವ ಮನೆಯಲ್ಲಿ ದೊಡ್ಡವರದ್ದಕ್ಕೆ ಬೇಡಿಕೆಯಿಲ್ಲ, ಮುಂದುವರಿಸಲಿಲ್ಲ.

ಹೊಸ ನೂಲಿನ ಲೆಕ್ಕ 450 ಗ್ರಾಂ. ಇದರಲ್ಲಿ ಬಹುಪಾಲು ಕುಲಾವಿಗೆಂದು ಕೊಂಡ ಬಿಳಿ ಹತ್ತಿ, ಮಿಕ್ಕದ್ದು ಕಂಬಳಿಯ ಅಂಚಿಗೆ ಬೇಕಾದ ಬೂದುಬಣ್ಣ. ಎರಡಕ್ಕೂ ಕೊಳ್ಳುವ ಮೊದಲೇ ತೊಡುವವರು, ಹೊದೆಯುವವರು ಗೊತ್ತಿದ್ದರು, ಆದ್ದರಿಂದ ಇದನ್ನು ಗುರಿ ತಪ್ಪಿದಂತೆ ಎಣಿಸುವುದಿಲ್ಲ. ಇನ್ನು 400 ಗ್ರಾಂ ತುಪ್ಪುಳುತುಪ್ಪುಳಾದ ಅಲಂಕಾರದ ನೂಲನ್ನು, ಗೊಂಬೆ ಮಾಡುವ ಗೆಳತಿಯೊಬ್ಬರಿಗೆ ಕೊಟ್ಟೆ. ಕೊಟ್ಟದ್ದನ್ನು ಹೆಣೆದದ್ದರ ಜೊತೆ ಕೂಡಿಸಬಾರದು, ಬೇರೆ ಕಾಲಮ್ಮಿನಲ್ಲೇ ಬರೆಯಬೇಕು. ಇಲ್ಲವಾದರೆ ಕೈಯಿಂದಾದ ಕೆಲಸವೆಷ್ಟು ಎಂಬುದು ತಿಳಿಯುವುದಿಲ್ಲ. ಹೆಣೆದದ್ದು 2,920, ಕೊಟ್ಟದ್ದು 400, ಬಂದದ್ದು 450. ಮೂರು ಕಿಲೋದ ಗುರಿಗೆ 330 ಗ್ರಾಂ ಬಾಕಿ.

ಉಳಿದಿರುವುದರಲ್ಲಿ ನಮ್ಮ ನಾಡಿನ ದಖನಿ ಕುರಿಯ ಕೈನೂಲು ಸುಮಾರು 600 ಗ್ರಾಂ ಇದೆ. ಕಪ್ಪು, ಕಂದು ಕಲೆತ ಅದರ ಸಹಜ ಬಣ್ಣ ನನಗೆ ಬಹಳ ಪ್ರಿಯ. ಒರಟಾದ ಎಳೆ; ಕಂಬಳಿಗೆ ಹೇಳಿ ಮಾಡಿಸಿದ್ದು, ಮೈಗೆ ತಾಗುವ ಬಟ್ಟೆಗಲ್ಲ. ತಂಗಿಯ ಮನೆಯವರು ದೇವರ ಕೋಣೆಗೆ ಆಸನ ಕೇಳಿದ್ದಾರೆ. 6 ಮಿಲಿಮೀಟರ್ ಕಡ್ಡಿಯಲ್ಲಿ ಅಂಗೈಯಗಲದ ಒಂದು ತುಂಡು ಹೆಣೆದು ಒಗೆದು ನೋಡಿದ್ದೇನೆ, ಬಣ್ಣ ಬಿಡಲಿಲ್ಲ, ಅಗಲದಲ್ಲಿ ತುಸು ಕುಗ್ಗಿತು. ಆ ಕುಗ್ಗುವಿಕೆಯನ್ನು ಸೇರಿಸಿ ಲೆಕ್ಕ ಹಾಕಿದರೆ ಎರಡು ಆಸನಗಳಿಗೆ ಸಾಕಾಗುತ್ತದೆ. ಈ ಜನವರಿಯ ಮೊದಲ ಕೆಲಸ ಅದು, ಅದರ ನಂತರ ಆಸ್ಪತ್ರೆಗೆ 56 ಹೊಲಿಗೆಯ ಚಿಕ್ಕ ಕುಲಾವಿಗಳು.