ಅಪೊಸ್ತಲರ ಕೃತ್ಯಗಳು 15: ಬೈಬಲ್ ಕೂಟದಲ್ಲಿ ಹೀಗೆ ಓದಿಸಿ

ಮುಂಬೈಯ ಸಯನ್‌ನಲ್ಲಿ ನಮ್ಮ ಕನ್ನಡ ಸಭೆಯ ಯುವಜನರಿಗೆ ಈ ಅಧ್ಯಾಯ ಓದಿಸುವಾಗ ನಾನು ನೇರ 15ಕ್ಕೆ ಹೋಗುವುದಿಲ್ಲ. ನೀವೂ ಮೊದಲು 10 ಓದಿಸಿ. ಯೆಹೂದ್ಯನಲ್ಲದ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಪೇತ್ರ ಹೋದದ್ದು ಗೊತ್ತಿಲ್ಲದಿದ್ದರೆ, ಮುಂದೆ ಅವನಾಡುವ ಮಾತಿನ ತೂಕ ತಿಳಿಯದು.

ಆಮೇಲೆ ಜಗಳ ಏನೆಂದು ಬಿಡಿಸಿ ಹೇಳಿ. ಯೂದಾಯದಿಂದ ಸಿರಿಯದ ಅಂತಿಯೋಕ್ಯಕ್ಕೆ ಬಂದ ಕೆಲವರು, ಕ್ರಿಸ್ತನನ್ನು ನಂಬಿದ ಅನ್ಯಜನರಿಗೂ (ಅಂದರೆ ಯೆಹೂದ್ಯರಲ್ಲದವರಿಗೂ) ಸುನ್ನತಿಯಾಗದಿದ್ದರೆ ರಕ್ಷಣೆಯಿಲ್ಲ ಎಂದು ಬೋಧಿಸಿದರು. ಪೌಲ, ಬಾರ್ನಬ ಒಪ್ಪಲಿಲ್ಲ. ಸುಮಾರು ಕ್ರಿ.ಶ. 49ರಲ್ಲಿ ವಿಷಯ ಯೆರೂಸಲೇಮಿನಲ್ಲಿ ಅಪೊಸ್ತಲರ, ಹಿರಿಯರ ಸಭೆಯ ಮುಂದೆ ಹೋಯಿತು. ಸುನ್ನತಿ ಬೇಕೆಂದವರನ್ನು ದಯವಿಟ್ಟು ಖಳರನ್ನಾಗಿ ಮಾಡಬೇಡಿ. ಅವರಿಗೆ ಅದು ಅಬ್ರಹಾಮನ ಕಾಲದಿಂದ ಬಂದ ಒಡಂಬಡಿಕೆಯ ಗುರುತು.

ಆ ಸಭೆಯಲ್ಲಿ ಪೇತ್ರ ಆಡಿದ ಮಾತು ಒಬ್ಬರು, ಯೆರೂಸಲೇಮಿನ ವಿಶ್ವಾಸಿಗಳ ಮುಖಂಡ ಯಾಕೋಬನ ಮಾತು ಇನ್ನೊಬ್ಬರು ಓದಲಿ. 12ನೇ ವಚನದಲ್ಲಿ ಮಾತ್ರ ನಿಲ್ಲಿಸಿ. ಅಷ್ಟು ವಾಗ್ವಾದದ ನಂತರ ಇಡೀ ಸಭೆ ಸುಮ್ಮನಾಗಿ ಬಾರ್ನಬ, ಪೌಲರ ಅನುಭವಕ್ಕೆ ಕಿವಿಗೊಟ್ಟಿತು. ನನಗೆ ಈ ಅಧ್ಯಾಯದಲ್ಲಿ ಇದೇ ದೊಡ್ಡದು.

ಯಾಕೋಬ ಆಮೋಸನ ಪ್ರವಾದನೆಯನ್ನು ಎತ್ತಿಕೊಂಡು ತೀರ್ಪು ಹೇಳುತ್ತಾನೆ: ಅನ್ಯಜನರನ್ನು ತೊಂದರೆಪಡಿಸಬೇಡಿ, ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ ಇಷ್ಟನ್ನು ಅವರು ಬಿಟ್ಟರೆ ಸಾಕು. ಇಲ್ಲಿ ನಮ್ಮ ಹುಡುಗರು ತಪ್ಪದೆ ಕೇಳುವುದು, ಗಣಪತಿ ಹಬ್ಬಕ್ಕೆ ಪಕ್ಕದ ಖೋಲಿಯವರು ಕೊಟ್ಟ ಮೋದಕ ತಿನ್ನಬಹುದೇ ಎಂದು. ಅವಸರದ ಉತ್ತರ ಕೊಡಬೇಡಿ. 1 ಕೊರಿಂಥ 8 ಮತ್ತು 10 ತೆಗೆಸಿ, ಅವರೇ ಮಾತಾಡಲಿ.

ತೀರ್ಪಿನ ಪತ್ರವನ್ನು ಬಾರ್ಸಬನೆಂಬ ಯೂದ, ಸೀಲರು ಅಂತಿಯೋಕ್ಯಕ್ಕೆ ಒಯ್ದು ಬಾಯಿಮಾತಿನಲ್ಲೂ ವಿವರಿಸಿದ್ದನ್ನು ಬಿಡಬೇಡಿ. ಹೊತ್ತು ಉಳಿದರೆ ಗಲಾತ್ಯ 2 ಓದಿಸಿ: ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದ, ಪೌಲ ಮುಖಾಮುಖಿ ಖಂಡಿಸಿದ. ಅದು ಯೆರೂಸಲೇಮಿನ ಸಭೆಗೆ ಮೊದಲೋ ನಂತರವೋ ಎಂಬ ವಿದ್ವಾಂಸರ ಚರ್ಚೆಯನ್ನು ಕೂಟಕ್ಕೆ ತರುವ ಅಗತ್ಯವಿಲ್ಲ.