ಕುರುಕ್ಷೇತ್ರಕ್ಕೆ ವೃತ್ತ ಹಾಡುವ ತಾಲೀಮು

ತುಮಕೂರು ಸೀಮೆಯ ಊರಹಬ್ಬದಲ್ಲಿ ಕುರುಕ್ಷೇತ್ರ ನಾಟಕ ಆಡಿದರೆ ಜನ ಬೆಳಗಿನ ಜಾವದವರೆಗೂ ಕೂರುವುದು ಪದ್ಯಕ್ಕಾಗಿ, ಅದರಲ್ಲೂ ವೃತ್ತಕ್ಕಾಗಿ. ವೃತ್ತವೆಂದರೆ ಪಾದಪಾದಕ್ಕೂ ಅಕ್ಷರದ ಎಣಿಕೆ, ಕ್ರಮ ಗೊತ್ತಾಗಿರುವ ಪದ್ಯ. 1884ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದಾಗ ಮೈಕ್ ಇರಲಿಲ್ಲ. ಹಿಂದೆ ಕೂತವರಿಗೂ ಕೇಳಬೇಕೆಂದು ಆ ಕಾಲದ ಕಂಪನಿ ನಟರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಈಗ ಮೈಕ್ ಇದ್ದರೂ ಅದೇ ಶ್ರುತಿಗೆ ಹೋಗಿ ಗಂಟಲು ಕೆಡಿಸಿಕೊಳ್ಳುವವರು ಬಹಳ.

ಆದ್ದರಿಂದ ಮೊದಲು ಶ್ರುತಿ, ಅಂದರೆ ಹಾಡಿನ ಆಧಾರ ಸ್ವರ, ಗೊತ್ತುಮಾಡಿ. ಗಂಡಸರ ಗಂಟಲಿಗೆ ಸಾಮಾನ್ಯವಾಗಿ ಹಾರ್ಮೋನಿಯಂನ ಒಂದನೇ ಬಿಳಿ ಪಟ್ಟಿಯಿಂದ ಎರಡನೇ ಬಿಳಿ ಪಟ್ಟಿಯೊಳಗೆ ಎಲ್ಲೋ ಕೂರುತ್ತದೆ. ಪಾತ್ರಧಾರಿ ತಾರಸ್ಥಾಯಿಯ (ಮೇಲಿನ ಸಪ್ತಕದ) ಗಾಂಧಾರವನ್ನು ಹತ್ತು ಸಲ, ಕತ್ತಿನ ನರ ಉಬ್ಬದೆ ಮುಟ್ಟಬೇಕು. ಮುಟ್ಟಿದ ಶ್ರುತಿಗಿಂತ ಅರ್ಧ ಮನೆ, ಅಂದರೆ ಪಕ್ಕದ ಒಂದು ಪಟ್ಟಿ, ಕೆಳಗೆ ಇಟ್ಟುಕೊಳ್ಳಿ. ರಾತ್ರಿ ಎರಡರ ಚಳಿ, ಧೂಳಿನಲ್ಲಿ ತಾಲೀಮಿನ ಗಂಟಲು ಇರುವುದಿಲ್ಲ. ದುರ್ಯೋಧನನ ಪಾತ್ರವನ್ನು ಇಬ್ಬರು ಮೂವರು ಹಂಚಿಕೊಂಡಿದ್ದರೆ ಒಬ್ಬೊಬ್ಬರ ಶ್ರುತಿಯನ್ನೂ ಹಾರ್ಮೋನಿಯಂ ಮೇಷ್ಟ್ರ ಪುಸ್ತಕದಲ್ಲಿ ಆಯಾ ಪದ್ಯದ ಪಕ್ಕ ಬರೆಸಿ.

ಇನ್ನು ಪದ್ಯ. ಮೊದಲ ವಾರ ರಾಗದ ಮಾತೇ ಬೇಡ. ಪದ ಬಿಡಿಸಿ, ಅನ್ವಯ ಮಾಡಿ, ಗದ್ಯದಂತೆ ಅರ್ಥ ಹೇಳಿಸಿ. ಆಮೇಲೆ ಪದ ಮುಗಿಯುವ ಕಡೆ ಪೆನ್ಸಿಲ್ಲಿನಲ್ಲಿ ಉಸಿರಿನ ಗೆರೆ ಹಾಕಿ. ಶಾರ್ದೂಲವಿಕ್ರೀಡಿತವೆಂಬ ವೃತ್ತದ 19 ಅಕ್ಷರದ ಪಾದಕ್ಕೆ ಸಂಸ್ಕೃತದಲ್ಲಿ 12ನೆಯ ಅಕ್ಷರಕ್ಕೆ ಯತಿ (ನಿಲುಗಡೆ) ಉಂಟು. ಕನ್ನಡದ ಕವಿಗಳು ಯತಿಯನ್ನು ಮೀರಿಯೇ ಬರೆದರು. ಲೆಕ್ಕ ನೋಡಿ ಉಸಿರು ಬಿಟ್ಟರೆ ಪದ ನಡುವೆ ಮುರಿದು ಅರ್ಥ ಕೆಡುತ್ತದೆ.

ರಾಗ ಎಲ್ಲಿ ಎಳೆಯಬೇಕು ಎಂಬುದನ್ನು ಛಂದಸ್ಸೇ ಹೇಳುತ್ತದೆ. ಶಾರ್ದೂಲದ ಮೊದಲ ಮೂರು ಅಕ್ಷರ, ಸ್ರಗ್ಧರೆಯ ಮೊದಲ ನಾಲ್ಕು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಎತ್ತುಗಡೆಯಲ್ಲೇ ರಾಗ ಎಳೆಯಬಹುದು. ಉತ್ಪಲಮಾಲೆಯಲ್ಲಿ ಮೊದಲನೆಯದೊಂದೇ ಗುರು. ಮತ್ತೇಭವಿಕ್ರೀಡಿತಕ್ಕೆ ಮೂರನೆಯ ಅಕ್ಷರದವರೆಗೆ, ಚಂಪಕಮಾಲೆಗೆ ಐದನೆಯದರವರೆಗೆ ಕಾಯಬೇಕು. ಅಲ್ಲಿಯತನಕ ಬರುವುದೆಲ್ಲ ಲಘು, ಒಂದೇ ಮಾತ್ರೆಯ ಅಕ್ಷರ. ಲಘುವನ್ನು ಎಳೆದರೆ ‘ಬಲ’ ಹೋಗಿ ‘ಬಾಲ’ ಆಗುತ್ತದೆ. ಗುರುವಿನಲ್ಲೂ ಎರಡು ಬಗೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ‘ಭೀಮ’ದ ‘ಭೀ’ ದೀರ್ಘ, ಎಷ್ಟು ಬೇಕಾದರೂ ಎಳೆಯಿರಿ. ‘ಧರ್ಮ’ದ ‘ಧ’ ಗುರುವಾಗಿರುವುದು ಮುಂದಿನ ಒತ್ತಕ್ಷರದಿಂದ. ಅದನ್ನು ಎಳೆದರೆ ‘ಧಾರ್ಮ’ ಎಂದು ಕೇಳುತ್ತದೆ. ಅಲ್ಲಿ ಒತ್ತಿ ನಿಂತು ಮುಂದೆ ಹೋಗಬೇಕು, ಅಷ್ಟೆ.

ಮಹಾಪ್ರಾಣಕ್ಕೆ ಸುಲಭದ ಉಪಾಯ: ಬಾಯಿಯೆದುರು ಕಾಗದದ ಚೂರು ಹಿಡಿದು ‘ಭೀಮ’, ‘ಧರ್ಮ’, ‘ಖಡ್ಗ’ ಎನ್ನಿಸಿ. ಕಾಗದ ಚೆನ್ನಾಗಿ ಅಲುಗದಿದ್ದರೆ ಉಸಿರು ಸಾಲದು. ಶಕಾರ, ಸಕಾರದ ತಪ್ಪಿಗೆ ಇಂಥ ಉಪಾಯವಿಲ್ಲ, ದಿನವೂ ತಿದ್ದುತ್ತಿರಬೇಕು.

ಪಾಠ ಬಾಯಿಗೆ ಬಂದ ಮೇಲಷ್ಟೇ ರಾಗ. ವೀರಕ್ಕೆ ಅಠಾಣ, ಶೋಕಕ್ಕೆ ಮುಖಾರಿ ಒಪ್ಪುತ್ತವೆ. ಹೊಸಬರಿಗೆ ಮೋಹನ ಒಳ್ಳೆಯದು, ಐದೇ ಸ್ವರ. ವೃತ್ತಕ್ಕೆ ತಾಳವಿಲ್ಲ, ತಬಲ ಸುಮ್ಮನಿದ್ದು, ಪದ್ಯ ಮುಗಿದಾಗ ಮುಕ್ತಾಯ ಕೊಟ್ಟರೆ ಸಾಕು. ಕೊನೆಯ ಪಾದದಲ್ಲಿ ಷಡ್ಜಕ್ಕೆ (‘ಸ’ ಸ್ವರಕ್ಕೆ) ಬಂದು ನಿಂತವನು ಮುಂದಿನ ಮಾತನ್ನು ಅದೇ ಶ್ರುತಿಯ ಆಸುಪಾಸಿನಲ್ಲಿ ಎತ್ತಿಕೊಳ್ಳಲಿ. ಉಸಿರು ಸುಧಾರಿಸಿಕೊಳ್ಳುತ್ತಾ ನಿಂತರೆ ದೃಶ್ಯದ ಬಿಸಿ ಆರಿಹೋಗುತ್ತದೆ. ನಾಟಕ ಬೀಳುವುದು ಬಹುತೇಕ ಅಲ್ಲೇ.

ಮೈಕು ಬಾಯಿಯಿಂದ ಒಂದು ಗೇಣು ದೂರವಿರಲಿ, ತಾರಸ್ಥಾಯಿಗೆ ಹೋಗುವಾಗ ಇನ್ನೊಂದಿಷ್ಟು ಹಿಂದೆ ಸರಿಯಲಿ. ‘ಒನ್ಸ್ ಮೋರ್’ ಕೂಗು ಬಂದರೆ ಕೊನೆಯ ಪಾದವನ್ನಷ್ಟೇ ಮತ್ತೆ ಹಾಡಲಿ. ಪ್ರತಿ ಸಲವೂ ಇಡೀ ಪದ್ಯ ಎತ್ತಿಕೊಂಡರೆ ಕೃಷ್ಣನ ರಾಯಭಾರದಲ್ಲೇ ರಾತ್ರಿ ಕಳೆದು, ಗದಾಯುದ್ಧದ ಹೊತ್ತಿಗೆ ಜನ ಎದ್ದು ಹಾಲು ಕರೆಯಲು ಹೋಗಿರುತ್ತಾರೆ.