ಪುಣೆ ಅಪ್ಪ, ಮೈಸೂರು ಕೋರ್ಟು: ಕಸ್ಟಡಿ ಕೇಸು ಇಲ್ಲೇ ನಿಲ್ಲಿಸಿದ್ದು ಹೀಗೆ

"ಮದುವೆ ಪುಣೆ, ಮಗು ಹುಟ್ಟಿದ್ದು ಪುಣೆ, ಗಂಡ ಇರೋದೂ ಪುಣೆ. ಇಲ್ಲಿ ಹಾಕಿದ್ರೆ ಅರ್ಜಿ ವಾಪಸ್ ಬರುತ್ತೆ ಸಾರ್" ಅಂತ ವಕೀಲರ ಬಾರ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ನನ್ನ ಪಾರ್ಟಿ ತಾಯಿ, ಮಗನನ್ನು ಕರ್ಕೊಂಡು ಮೈಸೂರಿಗೆ ಬಂದವರು. ಕೇಸು ಇಲ್ಲಿ ನಡೆಯೋಕಾಗಲ್ಲ ಅನ್ನೋ ಗಂಡನ ಕಡೆಯ ಆಕ್ಷೇಪಣೆ ಹೋದ ತಿಂಗಳು ವಜಾ ಆಯಿತು. ಕೇಸು ಮೈಸೂರಿನ ಫ್ಯಾಮಿಲಿ ಕೋರ್ಟಲ್ಲೇ ನಡೀತಿದೆ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9(1) ನಿಮಗೆಲ್ಲ ಬಾಯಿಪಾಠ: ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತೋ ಅಲ್ಲಿನ ಕೋರ್ಟಿಗೇ ಅರ್ಜಿ. ಹುಡುಗ ಐದು ದಾಟಿದ್ದ, ಹಾಗಾಗಿ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅನ್ನೋ 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆಯ 6(ಎ) ಕೈ ಹಿಡಿಯುವ ಹಾಗಿರಲಿಲ್ಲ. ಉಳಿದದ್ದು ಅರ್ಜಿ ಹಾಕಿದ ದಿನ ಮಗುವಿನ ವಾಸ ಎಲ್ಲಿ ಅನ್ನೋದು. ಸುಪ್ರೀಂ ಕೋರ್ಟಿನ ರುಚಿ ಮಜೂ ತೀರ್ಪು (2011) ಇದನ್ನು ಸಂಗತಿಗಳ ವಿಚಾರಣೆ ಇಲ್ಲದೆ ತೀರ್ಮಾನಿಸೋಕಾಗಲ್ಲ ಅನ್ನುತ್ತೆ. ನಾನು ಹಿಡಿದದ್ದು ಅದನ್ನೇ.

ಇದಕ್ಕೆ ಮುಂಚೆ ಇಂಥದೇ ಇನ್ನೊಂದರಲ್ಲಿ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿಸಿದ್ದೆವು. ಪಾರ್ಟಿಗೆ ಎಂಬತ್ತು ಸಾವಿರದಷ್ಟು ಖರ್ಚಾಯಿತು, ಸಿಕ್ಕಿದ್ದು "ಫ್ಯಾಮಿಲಿ ಕೋರ್ಟಿಗೆ ಹೋಗಿ" ಅನ್ನೋ ಮಾತು. ಆಧಾರ್ ವಿಳಾಸ ಬದಲಾಯಿಸಿಕೊಂಡು ಬರೋರೂ ಇದ್ದಾರೆ. ಕೇಸಿಗೆ ಹದಿನೈದು ದಿನ ಮುಂಚೆ ಬದಲಾದ ಆಧಾರ್ ಎದುರು ಪಾರ್ಟಿಗೇ ಅನುಕೂಲ!

ಈ ಸಲ ಶಾಲೆಯ ಅಡ್ಮಿಷನ್ ಫಾರಂ ತರಿಸಿದೆ. ಮೊದಲು ಕೊಡಲ್ಲ ಅಂದರು, ಸಮನ್ಸ್ ಹೋದ ಮೇಲೆ ತಂದರು. ಎರಡನೇ ಪುಟದ ಕೆಳಗೆ, ಪೋಷಕರ ಸಹಿ ಜಾಗದಲ್ಲಿ, ನೀಲಿ ಇಂಕಿನಲ್ಲಿ ಅಪ್ಪನದೇ ಸಹಿ. "ನನ್ನನ್ನು ಕೇಳದೆ ಕರ್ಕೊಂಡು ಹೋದಳು" ಅಂದವರು ಅಡ್ಮಿಷನ್‌ಗೆ ಬಂದು ಹೋಗಿದ್ದರು. ಜೊತೆಗೆ ಲಸಿಕೆ ಕಾರ್ಡು: ಐದು ವರ್ಷದ ಡಿಪಿಟಿ ಬೂಸ್ಟರ್ ಇಲ್ಲೇ ಹಾಕಿಸಿದ್ದು. ಮುಖ್ಯೋಪಾಧ್ಯಾಯರನ್ನು ಯಾವ ಹಂತದಲ್ಲಿ ಕಟಕಟೆ ಹತ್ತಿಸಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ತಾಯಿಯ ಫೋನಿನ ಲೊಕೇಶನ್ ಪ್ರಿಂಟನ್ನೂ ಹಾಕಿ ನೋಡಿದೆ. ಮೂರು ಸಾವಿರ ಹೋಯಿತು, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾಗುವ, ಹೊಸ ಸಾಕ್ಷ್ಯ ಕಾಯ್ದೆಯ 63ರ ಸರ್ಟಿಫಿಕೇಟಿಗೆ ಓಡಾಟ ಬೇರೆ. ಆದೇಶದಲ್ಲಿ ಅದರ ಸುದ್ದಿಯೇ ಇಲ್ಲ.

ಒಟ್ಟು ಖರ್ಚು, ನನ್ನ ಫೀಸು ಸೇರಿ, ನಲವತ್ತು ಸಾವಿರದ ಆಸುಪಾಸು. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 25ರಲ್ಲಿ ಸುಪ್ರೀಂ ಕೋರ್ಟಿಗೆ ಟ್ರಾನ್ಸ್‌ಫರ್ ಅರ್ಜಿ ಹಾಕ್ತೀವಿ ಅಂತ ಪುಣೆಯವರು ಹೆದರಿಸಿದ್ದರು, ಇನ್ನೂ ಹಾಕಿಲ್ಲ.

ಈಗ ಮಂಡ್ಯದ ಇನ್ನೊಂದು ಫೈಲು ಬಂದಿದೆ. ಮಗು ಹೈದರಾಬಾದಿನಿಂದ ಬಂದು ಮೂರು ತಿಂಗಳೂ ಆಗಿಲ್ಲ, ಶಾಲೆಗೂ ಸೇರಿಸಿಲ್ಲ. ಇದು ಇಲ್ಲಿ ನಿಲ್ಲೋದು ಕಷ್ಟ ಅಂತ ಮಗುವಿನ ತಾಯಿಯ ಅಪ್ಪನಿಗೆ ಹೇಳಿಯೇ ವಕಾಲತ್ತಿಗೆ ಸಹಿ ತಗೊಂಡಿದ್ದೀನಿ.